ಜಿಂಕೆಗೆಂದು ಬಿತ್ತಿದ ಮೂಲಂಗಿ

ವೆಂಡಲ್ ಹೌಗೆನ್ ಕೆಟ್ಟ ಬೇಟೆಗಾರನೇನಲ್ಲ. ಜಿಂಕೆಗಳ ಕಡೆಯಿಂದ ನೋಡಿದರೆ ಅವನಷ್ಟು ಒಳ್ಳೆಯ ಬೇಟೆಗಾರ ಇಡೀ ವಿಸ್ಕಾನ್ಸಿನ್ ಸೀಮೆಯಲ್ಲೇ ಇರಲಿಲ್ಲ. ಜಿಂಕೆಗೆ ಕಾಯಲು ಮರಕ್ಕೆ ಕಟ್ಟಿದ ಅಟ್ಟಣೆ ಹತ್ತಿ ಕೂತರೆ ಅವನಿಗೆ ನಿದ್ದೆ ಬರುತ್ತಿತ್ತು. ನಿದ್ದೆ ಬರದಿದ್ದರೆ ಕೆಮ್ಮು ಬರುತ್ತಿತ್ತು. ಎರಡೂ ಬರದ ಅಪರೂಪದ ದಿನ ಬಂದೂಕಿಗೆ ತೋಟಾ ತುಂಬುವುದೇ ಮರೆತುಹೋಗಿರುತ್ತಿತ್ತು.

ಟ್ಯಾಮರಾಕ್ ಎಂಬ ಆ ಸಣ್ಣ ಊರಿನ ಹೊರಗೆ ಹೌಗೆನ್ ಮನೆತನಕ್ಕೆ ನಲವತ್ತು ಎಕರೆ ಬೇಟೆ ಕಾಡಿತ್ತು. ಅದರ ನಡುವೆ ಮರದ ಹಲಗೆಯ ಒಂದು ಬೇಟೆಮನೆ. ಅಪ್ಪನ ಕಾಲದಿಂದ ಅಲ್ಲಿಗೊಂದು ಕಟ್ಟಳೆ: ಹೋದ ವರ್ಷ ಬರಿಗೈಯಲ್ಲಿ ಬಂದವರು ಈ ವರ್ಷ ಎಲ್ಲರಿಗೂ ಅಡುಗೆ ಮಾಡಬೇಕು. ವೆಂಡಲ್ ಯಾವ ವರ್ಷ ಮೊದಲು ಸೌಟು ಹಿಡಿದನೋ ಈಗ ಯಾರಿಗೂ ನೆನಪಿಲ್ಲ. ವರ್ಷವಿಡೀ ಶಾಲೆಯ ಬಸ್ಸು ಓಡಿಸುತ್ತಿದ್ದ ಅವನು ನವೆಂಬರಿನ ಬೇಟೆಯ ದಿನಗಳಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಬೇಟೆಗೆ ಹೋದ ಗಂಡಸು ಕಣ್ಣೀರು ಹಾಕಿಕೊಂಡು ಮನೆಗೆ ಬರುತ್ತಾನೆಂದರೆ ಹೆಂಡತಿಗಾದರೂ ಏನನ್ನಿಸಬೇಕು?

ಕಾಡಿನ ಯಜಮಾನಿಕೆ ಅವನ ಅಕ್ಕ ಬರ್ನೀಸಳದು. ಅಪ್ಪನ ಅಟ್ಟಣೆಯ ಮೇಲೆ ಕೂರುವ ಹಕ್ಕೂ ಅವಳದೇ. ಬೇಟೆಮನೆಯ ಗೋಡೆಯ ಮೇಲಿದ್ದ ಕೊಂಬುಗಳಲ್ಲಿ ಮುಕ್ಕಾಲು ಪಾಲು ಅವಳು ಹೊಡೆದದ್ದು. ಅವಳು ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಎತ್ತುವ ಅಗತ್ಯ ಬಿದ್ದಿರಲೂ ಇಲ್ಲ. ಟಾಡ್ ಮತ್ತು ಟ್ರಾಯ್ ಎಂಬ ಅವಳ ಅವಳಿ ಮಕ್ಕಳು, ಒಬ್ಬೊಬ್ಬರೂ ಬೀರುವಿನಷ್ಟು ಅಗಲದವರು, ತಾಯಿ ಕಣ್ಣು ತಿರುಗಿಸಿದ ಕಡೆ ನಡೆಯುತ್ತಿದ್ದರು.

ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಹಬ್ಬದೂಟಕ್ಕೆ ಎಲ್ಲರೂ ಬರ್ನೀಸಳ ಮನೆಯ ಜಗಲಿಯಲ್ಲಿ ಸೇರಿದ್ದರು. ಆ ವಾರ ವೆಂಡಲ್ ಹಕ್ಕಿಕಾಳು ತರಲೆಂದು ಬಿತ್ತನೆ ಬೀಜದ ಅಂಗಡಿಗೆ ಹೋಗಿದ್ದ. ಹೋದವನಿಗೆ ಅಂಗಡಿಯವನು ಜಿಂಕೆಗಳಿಗಾಗಿ ಮೇವಿನ ತೋಟ ಬೆಳೆಸುವ ವಿಚಾರವಾಗಿ ದೊಡ್ಡ ಉಪನ್ಯಾಸವನ್ನೇ ಕೊಟ್ಟಿದ್ದ. ಅರ್ಧ ಅರ್ಥವಾಗಿತ್ತು. ಉಪದೇಶ ಮಾಡಲು ಅರ್ಧ ಅರ್ಥವಾದರೆ ಸಾಕಲ್ಲ.

"ಜಿಂಕೆ ಹಿಂದೆ ಅಲೆಯೋದೆಲ್ಲ ಅಪ್ಪನ ಕಾಲಕ್ಕೆ ಆಯ್ತು ಅಕ್ಕ," ಎಂದ ವೆಂಡಲ್, ಬೆರಳಿನ ಸಾಸಿವೆ ಗೊಜ್ಜು ನೆಕ್ಕುತ್ತ. "ಈಗಿನ ಕಾಲದಲ್ಲಿ ಜಿಂಕೆ ಮನಸ್ಸನ್ನ ಅರ್ಥ ಮಾಡ್ಕೋಬೇಕು."

"ಏನಿದೆಯಂತೆ ಅದರ ಮನಸ್ಸಲ್ಲಿ?"

"ಮೂಲಂಗಿ."

ಟಾಡ್ ಟ್ರಾಯನನ್ನು ನೋಡಿದ. ಟ್ರಾಯ್ ತಟ್ಟೆಯನ್ನು ನೋಡಿದ.

"ಮೂಲಂಗಿ, ಟರ್ನಿಪ್ ಗೆಡ್ಡೆ, ಜೊತೆಗೊಂದಿಷ್ಟು ಸೊಪ್ಪು," ಎಂದು ವೆಂಡಲ್ ಮುಂದುವರಿಸಿದ. "ಇದನ್ನ ಬಿತ್ತಿ ಸುಮ್ನೆ ಕೂತ್ರೆ ಸಾಕು. ಕೊಂಬು ಹೊತ್ಕೊಂಡು ಅದೇ ಬರುತ್ತೆ. ಇದು ವಿಜ್ಞಾನ."

ಬರ್ನೀಸ್ ಮಾಂಸದ ಉಂಡೆಯೊಂದನ್ನು ನಿಧಾನವಾಗಿ ಅಗಿದು ನುಂಗಿದಳು. "ಸರಿ. ಹಿಂದಿನ ಬಯಲು ಖಾಲಿ ಬಿದ್ದಿದೆ, ಬಿತ್ಕೋ. ನಿನ್ನ ಮೂಲಂಗಿಗೆ ಒಂದು ಒಳ್ಳೆ ಕೊಂಬಿನ ಗಂಡು ಬಂದಿದ್ದನ್ನ ನಾನು ಕಣ್ಣಾರೆ ನೋಡಿದ್ರೆ ಅಪ್ಪನ ಅಟ್ಟಣೆ ನಿಂದು, ಸೌಟು ನಂದು. ಬರಲಿಲ್ಲ ಅಂದ್ರೆ, ಸಾಯೋ ತನಕ ಸೌಟು ನಿಂದೇ. ವಿಜ್ಞಾನದ ಮಾತು ಮತ್ತೆ ಎತ್ತಬಾರದು."

ವೆಂಡಲ್ ಒಪ್ಪಿದ. ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ಆರ್ಡಿಸ್ ಮಾತ್ರ, "ನನ್ನ ಹಿತ್ತಲಲ್ಲಿ ಎರಡು ಪಾತಿ ಅಗೆದುಕೊಡು ಅಂದ್ರೆ ಸೊಂಟ ಹಿಡಿಯುತ್ತೆ. ಜಿಂಕೆಗೆ ಎರಡು ಎಕರೆ," ಎಂದಳು. ವೆಂಡಲ್ ಇನ್ನೊಂದಿಷ್ಟು ಸಾಸಿವೆ ಗೊಜ್ಜು ಹಾಕಿಕೊಂಡ.

ಆಗಸ್ಟ್ ಬರುತ್ತಿದ್ದಂತೆ ವೆಂಡಲ್ ಒಂದು ಹಳೆಯ ಟ್ರ್ಯಾಕ್ಟರು ಎರವಲು ತಂದು ಬಯಲನ್ನು ಉತ್ತ. ಬೀಜವೋ ರಾಗಿಯಷ್ಟು ಸಣ್ಣದು. ಹಿಡಿಯಷ್ಟು ಬೀಜವನ್ನು ಇಡೀ ಬಯಲಿಗೆ ತೆಳ್ಳಗೆ ಎರಚಬೇಕೆಂದು ಅಂಗಡಿಯವನು ಹೇಳಿದ್ದ. ಜಿಂಕೆಗಳ ವಿಷಯದಲ್ಲಿ ಜಿಪುಣತನ ತರವಲ್ಲವೆಂದು ವೆಂಡಲ್ ಮೂಟೆಗೆ ಮೂಟೆಯನ್ನೇ ಸುರಿದ. ಆಮೇಲೆ ಮಳೆಯೂ ಹದವಾಗಿ ಬಂತು. ಅಕ್ಟೋಬರ್ ಬರುವ ಹೊತ್ತಿಗೆ ಬಯಲಿನಲ್ಲಿ ಮೊಣಕಾಲುದ್ದ ಸೊಪ್ಪು. ಟರ್ನಿಪ್ ಗೆಡ್ಡೆಗಳು ಜಾಗ ಸಾಲದೆ ಒಂದನ್ನೊಂದು ತಳ್ಳಿಕೊಂಡು ಮೇಲೆದ್ದಿದ್ದವು. ಒಂದೊಂದು ಮೂಲಂಗಿಯೂ ಟಾಡನ ಮುಂಗೈಯಷ್ಟು ದಪ್ಪ. ಬಾರದಿದ್ದದ್ದು ಜಿಂಕೆಗಳು ಮಾತ್ರ. ಮಂಜು ಬಿದ್ದು ಗೆಡ್ಡೆ ಸಿಹಿಯಾಗುವ ತನಕ ಅವು ಬಾಯಿಡುವುದಿಲ್ಲವೆಂದು ಅಂಗಡಿಯವನು ಹೇಳಿದ್ದರಿಂದ ವೆಂಡಲ್ ದಿನಾ ಹೋಗಿ ಆಕಾಶ ನೋಡಿಕೊಂಡು ನಿಲ್ಲುತ್ತಿದ್ದ.

ಹಾಗೆ ನಿಂತಿದ್ದಾಗಲೇ ಬೇಲಿಯಾಚೆ ಕ್ಲೆಮ್ ಡೂಬೆಕ್ ಕಾಣಿಸಿಕೊಂಡದ್ದು.

ಕ್ಲೆಮ್ ಹಾಲಿನ ವ್ಯವಹಾರದವನು. ಅವನ ಹುಲ್ಲುಗಾವಲು ಹೌಗೆನ್ ಕಾಡಿಗೆ ತಾಗಿಕೊಂಡೇ ಇತ್ತು. ಅವನ ಅಟ್ಟಣೆಗೆ ಚಕ್ರಗಳಿದ್ದವು. ಹೌಗೆನ್ ಮನೆಯವರಿಗೆ ಎಲ್ಲಿ ಅದೃಷ್ಟ ಖುಲಾಯಿಸಿತೋ ಮಾರನೆಯ ಬೆಳಿಗ್ಗೆ ಅಲ್ಲಿನ ಬೇಲಿಗೆ ಒತ್ತಿಕೊಂಡು ಆ ಅಟ್ಟಣೆ ನಿಂತಿರುತ್ತಿತ್ತು.

"ಏನಪ್ಪಾ ವೆಂಡಲ್, ಇಷ್ಟೊಂದು ಸೊಪ್ಪು?"

"ತರಕಾರಿ."

"ತರಕಾರಿ ಅಂತ ಕಾಣುತ್ತೆ. ಯಾರಿಗೆ?"

ಜಿಂಕೆಗೆ ಎಂದರೆ ಮುಗಿದಿತ್ತು. ಆದರೆ ಆ ಮಾತು ಬಾಯಿಂದ ಬಿದ್ದರೆ ಸಂಜೆಯೊಳಗೆ ಚಕ್ರದ ಅಟ್ಟಣೆ ಉರುಳಿಕೊಂಡು ಬರುವುದು ಖಂಡಿತ. ನಾಲಿಗೆಗೆ ಎಲುಬಿಲ್ಲ, ವೆಂಡಲ್‌ನ ನಾಲಿಗೆಗಂತೂ ಲಗಾಮೂ ಇರಲಿಲ್ಲ.

"ಬಡವರಿಗೆ," ಎಂದ.

"ಯಾವ ಬಡವರಿಗೆ?"

"ನಮ್ಮ ಚರ್ಚಿನ ನೆಲಮಾಳಿಗೆಲಿ ದವಸ ಹಂಚ್ತಾರಲ್ಲ... ಆ ಬಡವರಿಗೆ."

ಯಾವ ಉಪದೇಶಕ್ಕೂ ಇದುವರೆಗೆ ಕರಗದಿದ್ದ ಕ್ಲೆಮ್ ಡೂಬೆಕ್ ತಲೆಯ ಮೇಲಿನ ಟೋಪಿ ತೆಗೆದ. "ಎರಡು ಎಕರೆ," ಎಂದ ಮೆಲ್ಲಗೆ. "ಎಷ್ಟೋ ವರ್ಷದಿಂದ ನೋಡ್ತಿದ್ದೀನಿ ನಿನ್ನ. ನೀನು ಇಂಥವನು ಅಂತ ಗೊತ್ತೇ ಆಗಲಿಲ್ಲ ನೋಡು."

"ಯಾರಿಗೂ ಹೇಳಬೇಡ ಕ್ಲೆಮ್. ಬಲಗೈಲಿ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತಾರೆ."

"ನನ್ನ ಪ್ರಾಣ ಹೋದ್ರೂ ಹೇಳಲ್ಲ," ಎಂದ ಕ್ಲೆಮ್. ಅವನ ಪ್ರಾಣ ಹೋಗಲಿಲ್ಲ. ಶುಕ್ರವಾರ ಊರವರೆಲ್ಲ ಕರಿದ ಮೀನು ತಿನ್ನಲು ಸೇರುವ ಹೋಟೆಲಿನಲ್ಲಿ ಎರಡು ಗ್ಲಾಸು ಬ್ರಾಂದಿ ಒಳಗೆ ಹೋದದ್ದೇ ತಡ, ಅಲ್ಲಿದ್ದ ಎಡಗೈ ಬಲಗೈಗಳಿಗೆಲ್ಲ ವಿಷಯ ಗೊತ್ತಾಯಿತು.

ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಪಾಸ್ಟರ್ ಗ್ರೇಟಾ ಸಾಂಡ್‌ವಿಕ್ ವೇದಿಕೆಯ ತುದಿಗೆ ಬಂದು ನಿಂತರು. ಪಟ್ಟಣದಿಂದ ಹೊಸದಾಗಿ ಬಂದಿದ್ದ ಎತ್ತರದ ಹೆಣ್ಣುಮಗಳು. ಈ ಊರಿನ ಜನ ಚರ್ಚಿಗೆ ಕೊಡುವುದೆಂದರೆ ತಮ್ಮ ಮನೆಯಲ್ಲಿ ಯಾರೂ ತಿನ್ನದ ಡಬ್ಬಿ ಅವರೆಕಾಳು ಎಂಬ ಅನುಭವ ಅವರಿಗೆ ಆಗಲೇ ಆಗಿತ್ತು.

"ನಮ್ಮ ನಡುವೆ ಒಬ್ಬರು ಇದ್ದಾರೆ," ಎಂದು ಶುರುಮಾಡಿದರು. "ಸದ್ದಿಲ್ಲದೆ, ಹೆಸರು ಬಯಸದೆ, ಹಸಿದವರಿಗಾಗಿ ಬೆವರು ಸುರಿಸಿದ್ದಾರೆ. ವೆಂಡಲ್, ದಯವಿಟ್ಟು ಎದ್ದು ನಿಲ್ಲಿ."

ಆ ಚರ್ಚಿನಲ್ಲಿ ಚಪ್ಪಾಳೆ ತಟ್ಟುವ ಪದ್ಧತಿಯಿಲ್ಲ. ಮದುವೆಯಲ್ಲೂ ತಟ್ಟುವುದಿಲ್ಲ. ಅಂದು ತಟ್ಟಿದರು. ಕ್ಲೆಮ್ ಅಂತೂ ಅಂಗೈ ಕೆಂಪಾಗುವಂತೆ ತಟ್ಟಿದ. ಆರ್ಡಿಸ್ ಗಂಡನನ್ನು ಓರೆಗಣ್ಣಿನಲ್ಲಿ ನೋಡಿ ಹಾಡಿನ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳು. ಅವಳ ಭುಜ ಕುಣಿಯುತ್ತಿತ್ತು. ಹಿಂದೆ ಕೂತಿದ್ದವರು ಪಾಪ ಅಳುತ್ತಿದ್ದಾಳೆಂದುಕೊಂಡರು.

ಸತ್ಯ ಹೇಳಿಬಿಡಬೇಕೆಂದು ವೆಂಡಲ್ ಗಟ್ಟಿ ಮನಸ್ಸು ಮಾಡಿದ. ಹೇಳಿಯೂಬಿಟ್ಟ.

"ಪಾಸ್ಟರಮ್ಮ, ಅದು ನಿಜವಾಗಿ ನೋಡಿದ್ರೆ... ಏನಂದ್ರೆ... ಜಿಂಕೆಗಳು..."

"ಜಿಂಕೆಗಳು ತಿಂದುಬಿಡ್ತವೆ ಅಂತ ಭಯಾನಾ?" ಪಾಸ್ಟರ್ ಗ್ರೇಟಾ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ಪಾಪ. ಅಷ್ಟು ಕಷ್ಟಪಟ್ಟು ಬೆಳೆಸಿ ಜಿಂಕೆ ಬಾಯಿಗೆ ಹಾಕೋದುಂಟಾ? ಹೆಂಗಸರೆಲ್ಲ ಸೇರಿ ಕಿತ್ತುಬಿಡೋಣ. ಬೇಟೆ ಶುರುವಾಗೋ ಮುಂಚಿನ ಗುರುವಾರ ಆದೀತಾ?"

ಚರ್ಚಿನ ಮಹಿಳಾ ಸಂಘದ ಕೈಗಳೆಲ್ಲ ಮೇಲೆದ್ದವು. ವೆಂಡಲ್ ಕೂತ.

ಕಾರಿನಲ್ಲಿ ಮನೆಯವರೆಗೂ ಆರ್ಡಿಸ್ ಒಂದೇ ಸಮನೆ ನಕ್ಕಳು. "ನೀನಾದ್ರೂ ಹೇಳಬಾರದಿತ್ತಾ?" ಎಂದು ವೆಂಡಲ್ ಅಂಗಲಾಚಿದ.

"ನನ್ನ ಗಂಡನಿಗೆ ಜನ ಚಪ್ಪಾಳೆ ತಟ್ಟೋದು ಇನ್ನೊಂದು ಸಲ ನೋಡ್ತೀನೋ ಇಲ್ವೋ," ಎಂದಳು ಆರ್ಡಿಸ್. "ನಾನ್ಯಾಕಪ್ಪ ಹಾಳುಮಾಡ್ಲಿ?"

ಸಂಜೆ ಬರ್ನೀಸಳ ಫೋನು ಬಂತು.

"ಗುರುವಾರ ನಮ್ಮ ಕಾಡಲ್ಲಿ ಭಜನೆಯಂತೆ?"

"ಭಜನೆ ಅಲ್ಲ ಅಕ್ಕ, ಕೊಯ್ಲು."

"ಹಾಡ್ತಾರಾ?"

"ಹಾಡಿದ್ರೂ ಹಾಡಬಹುದು."

"ಸೆಂಟು ಹಾಕ್ಕೊಂಡು ಬರ್ತಾರಾ?"

"ಚರ್ಚಿನ ಹೆಂಗಸರು ಅಂದ್ಮೇಲೆ..."

"ನಾಯಿ?"

"ಒಂದೆರಡು ಇರಬಹುದು ಅಕ್ಕ. ಸಣ್ಣವು."

"ಇಷ್ಟೆಲ್ಲ ಆದ್ಮೇಲೆ ಆ ಕಡೆ ಯಾವ ಜಿಂಕೆ ಬರುತ್ತೆ? ವೆಂಡಲ್, ಸೌಟು ತೊಳೆದಿಟ್ಕೋ," ಎಂದು ಬರ್ನೀಸ್ ಫೋನು ಇಟ್ಟಳು.

ಗುರುವಾರ ಅವಳು ಎಣಿಸಿದ್ದೆಲ್ಲ ಆಯಿತು. ಹೆಂಗಸರು ಹಾಡುತ್ತಲೇ ಬಂದರು. ಗುಲಾಬಿ ಸೆಂಟಿನ ಘಮಲಿಗೆ ಬರ್ಚ್ ಮರಗಳ ಮೇಲಿನ ಅಳಿಲುಗಳು ಸೀನಿದವು. ಕಾಡಿನ ನಡುವೆ ಕಾಫಿ ಹಂಡೆ ಕೂತಿತು, ಮಡಿಸುವ ಕುರ್ಚಿಗಳು ಬಂದವು. ಸಂಘದ ಅಧ್ಯಕ್ಷೆ ಟಿಲ್ಲಿ ಓಸ್ಟ್‌ಬೀಗೆ ಎಂಬತ್ತು ದಾಟಿತ್ತು. ಎರಡು ಕೈಗೂ ಕೈಗವಸು ತೊಟ್ಟುಕೊಂಡು ಮೊದಲ ಮೂಲಂಗಿಯನ್ನು ಹಲ್ಲು ಕೀಳುವ ವೈದ್ಯರಂತೆ ಕಿತ್ತಳು.

ಒಂದಿಷ್ಟಾದರೂ ಉಳಿಸಿಕೊಳ್ಳೋಣವೆಂದು ವೆಂಡಲ್ ಹಿಂದೆ ಹಿಂದೆಯೇ ಓಡಾಡಿದ.

"ಆ ಮೂಲೆದು ಬಿಟ್ಬಿಡಿ ಟಿಲ್ಲಿ ಅಜ್ಜಿ, ಇನ್ನೂ ಎಳಸು."

"ಎಳೇದೇ ಕಣೋ ರುಚಿ," ಎಂದು ಅಜ್ಜಿ ಅದನ್ನೂ ಕಿತ್ತಳು.

"ಈ ಕಡೆದಕ್ಕೆ ಹುಳ ಬಿದ್ದಿದೆ."

"ಹುಳ ತಿಂದ ಮೇಲೆ ಮನುಷ್ಯರಿಗೇನು ರೋಗ?" ಎಂದು ಅದೂ ಹೋಯಿತು.

ಆದರೆ ಕಿತ್ತ ಮೇಲೆ ಹೆಂಗಸರು ಬಹಳ ಕಟ್ಟುನಿಟ್ಟು. ನುಣ್ಣಗಿದ್ದದ್ದು ಚೀಲಕ್ಕೆ; ಸೀಳಿದ್ದು, ಕವಲೊಡೆದದ್ದು ಪಕ್ಕಕ್ಕೆ. ಮಧ್ಯಾಹ್ನದ ಹೊತ್ತಿಗೆ ವ್ಯಾನು ತುಂಬಿ ಚಕ್ರ ಕುಸಿಯಿತು. ಬಯಲಿನಲ್ಲಿ ಅಲ್ಲಲ್ಲಿ ಸೊಂಟದೆತ್ತರ ಗುಡ್ಡೆಗಳು ಉಳಿದುಕೊಂಡವು. "ಉಳಿದಿದ್ದು ಸೋಮವಾರ ತಗೊಂಡು ಹೋಗ್ತೀವಿ," ಎಂದು ಟಿಲ್ಲಿ ಅಜ್ಜಿ ವೆಂಡಲ್‌ನ ಕೆನ್ನೆ ತಟ್ಟಿದಳು. "ನಿನ್ನಂಥ ಮಗ ಇರಬೇಕು."

ಗುಡ್ಡೆಗಳನ್ನು ನೋಡಿ ವೆಂಡಲ್‌ಗೆ ಸ್ವಲ್ಪ ಜೀವ ಬಂತು. ಬೆಳೆ ಹೋದರೇನು, ಗೆಡ್ಡೆ ಇದೆಯಲ್ಲ. ಜಿಂಕೆಗೆ ಕೀಳುವ ಶ್ರಮವೂ ತಪ್ಪಿತು.

ಶುಕ್ರವಾರ ಬೆಳಿಗ್ಗೆ ಬೇಟೆ ಕಾನೂನು ನೋಡಿಕೊಳ್ಳುವ ವಾರ್ಡನ್ ಲೀಲ್ಯಾಂಡ್ ಬಂದ. ಬಂದದ್ದು ಪುಣ್ಯಾತ್ಮನ ತೋಟ ನೋಡಿ ಕೈಕುಲುಕಿ ಹೋಗೋಣವೆಂದು. ಕೈಕುಲುಕುತ್ತಿರುವಾಗಲೇ ಅವನ ಕಣ್ಣು ಗುಡ್ಡೆಗಳ ಮೇಲೆ ಬಿತ್ತು. ಕೈ ಹಿಂದಕ್ಕೆ ಹೋಯಿತು.

"ಇದೇನು ವೆಂಡಲ್?"

"ಮೂಲಂಗಿ ಸಾರ್."

"ಅದು ಗೊತ್ತು. ಕಿತ್ತು ಗುಡ್ಡೆ ಹಾಕಿದ್ದೀರಲ್ಲ. ನೆಲದೊಳಗೆ ಇದ್ರೆ ಅದು ಬೆಳೆ. ನೆಲದ ಮೇಲೆ ಬಿದ್ದಿದ್ರೆ ಆಮಿಷ. ಈ ಜಿಲ್ಲೆಲಿ ಜಿಂಕೆಗೆ ಆಮಿಷ ಒಡ್ಡೋದು ಅಪರಾಧ."

"ಅದೇ ಮೂಲಂಗಿ ತಾನೇ ಸಾರ್?"

"ಅದೇ ಮೂಲಂಗಿ. ಇರೋ ಜಾಗ ಬೇರೆ."

ಅಳಿಯ ಅಲ್ಲ, ಮಗಳ ಗಂಡ ಎಂದಂತಾಯಿತು. ಸಂಜೆ ಮತ್ತೆ ಬಂದು ನೋಡುತ್ತೇನೆ, ನೆಲದ ಮೇಲೆ ಒಂದೇ ಒಂದು ಗೆಡ್ಡೆ ಕಂಡರೂ ಈ ನಲವತ್ತು ಎಕರೆಯಲ್ಲಿ ಯಾರೂ ಬಂದೂಕು ಎತ್ತುವಂತಿಲ್ಲ ಎಂದು ಹೇಳಿ ವಾರ್ಡನ್ ಹೋದ.

ಕಾನೂನನ್ನು ವೆಂಡಲ್ ಬಸ್ಸಿನ ಸ್ಟಿಯರಿಂಗ್ ಹಿಂದೆ ಕೂತು ಕೂಲಂಕಷವಾಗಿ ಆಲೋಚಿಸಿದ. ನೆಲದ ಮೇಲಿದ್ದರೆ ತಾನೇ ತಪ್ಪು? ಮಕ್ಕಳನ್ನು ಶಾಲೆಯಿಂದ ಮನೆಗಳಿಗೆ ಇಳಿಸಿದವನೇ ಟಾಡ್ ಟ್ರಾಯರನ್ನು ಕರೆದುಕೊಂಡು ಬಯಲಿಗೆ ಓಡಿದ. ವಾರ್ಡನ್ ಸಂಜೆ ಬರುವಾಗ ಗುಡ್ಡೆಗಳು ಕರಗಿಹೋಗಿದ್ದವು. ಬಯಲಿನ ತುಂಬ ಮೂಲಂಗಿಗಳು ಸಾಲುಸಾಲಾಗಿ ನೆಟ್ಟಗೆ ನಿಂತಿದ್ದವು.

ವಾರ್ಡನ್ ಸಾಲುಗಳ ನಡುವೆ ಒಂದು ಸುತ್ತು ನಡೆದ. "ಏನ್ ಮಾಡಿದ್ದೀರಿ?"

"ಮತ್ತೆ ನೆಟ್ಟಿದ್ದೀವಿ ಸಾರ್. ಈಗ ಬೆಳೆ."

ವಾರ್ಡನ್ ಬಗ್ಗಿ ಒಂದನ್ನು ಎರಡು ಬೆರಳಲ್ಲಿ ಹಿಡಿದ. ಕೇಕಿನ ಮೇಲಿನ ಮೇಣದಬತ್ತಿಯಂತೆ ಅದು ಮೇಲೆ ಬಂತು.

"ಬೇರೇ ಬಿಟ್ಟಿಲ್ಲವಲ್ಲ."

"ಈಗ ತಾನೇ ನೆಟ್ಟಿದ್ದು ಸಾರ್. ಸ್ವಲ್ಪ ಕಾಲಾವಕಾಶ ಕೊಡಿ."

"ಸರಿ. ಈ ಇಡೀ ಸಾಲಿಗೆ ಯಾಕೆ ಎಲೆ ಮಣ್ಣೊಳಗೆ, ಬಾಲ ಆಕಾಶಕ್ಕೆ?"

ವೆಂಡಲ್ ತಿರುಗಿ ನೋಡಿದ. ಆ ಸಾಲು ಟ್ರಾಯನದು. ಟ್ರಾಯ್ ತನ್ನ ಬೂಟುಗಳನ್ನು ನೋಡಿಕೊಂಡ.

ಹೀಗಾಗಿ ಶನಿವಾರ, ಇಡೀ ವಿಸ್ಕಾನ್ಸಿನ್ ಬಂದೂಕು ಹಿಡಿದು ಕಾಡಿಗೆ ನುಗ್ಗಿದ ಬೇಟೆಯ ಮೊದಲ ದಿನ, ಹೌಗೆನ್ ಕುಟುಂಬ ಕಿತ್ತಳೆ ಬಣ್ಣದ ಬೇಟೆಯ ಅಂಗಿ ತೊಟ್ಟು, ಬಾಗಿ ಮೂಲಂಗಿ ಆರಿಸಿತು. ಬರ್ನೀಸ್ ಮಂಡಿಯೂರಿ, ಒಂದೊಂದನ್ನೂ ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದಳು. ಬುಟ್ಟಿಗೆ ಬೀಳುವ ಪ್ರತಿ ಗೆಡ್ಡೆಯ ಸದ್ದಿಗೂ ವೆಂಡಲ್ ಬೆಚ್ಚುತ್ತಿದ್ದ. ಅವನ್ನೆಲ್ಲ ಗಾಡಿಗೆ ಹೇರಿ ಚರ್ಚಿಗೆ ಸಾಗಿಸಿದರು. ನೆಲಮಾಳಿಗೆ ಆಗಲೇ ತುಂಬಿತ್ತು. ಮಿಕ್ಕದ್ದನ್ನು ಹಿಂಬಾಗಿಲಿನ ಮೆಟ್ಟಿಲ ಪಕ್ಕ ರಾಶಿ ಹಾಕಿ ತಾಡಪತ್ರಿ ಹೊದಿಸಿದರು. ಆ ಹೊತ್ತಿಗೆ ಸರಿಯಾಗಿ ಆ ವರ್ಷದ ಮೊದಲ ಗಟ್ಟಿ ಮಂಜು ಬಿತ್ತು. ಗೆಡ್ಡೆಗಳು ಸಕ್ಕರೆಯಾದವು.

ಭಾನುವಾರ ಬೆಳಗಾದಾಗ ಸುತ್ತಲಿನ ಯಾವ ಕಾಡಿನಲ್ಲೂ ಒಂದು ಜಿಂಕೆಯಿರಲಿಲ್ಲ. ಎಲ್ಲವೂ ಚರ್ಚಿನ ಹಿತ್ತಲಿನಲ್ಲಿದ್ದವು. ತಾಡಪತ್ರಿ ಎಳೆದುಹಾಕಿ ನೆಂಟರ ಮನೆಗೆ ಬಂದವರಂತೆ ನೆಮ್ಮದಿಯಾಗಿ ಮೆಲ್ಲುತ್ತಿದ್ದವು. ನಡುವೆ ಒಂದು ಗಂಡು, ತಲೆಯ ಮೇಲೆ ಒಣಮರವನ್ನೇ ಹೊತ್ತಂತೆ ಕೊಂಬು. ಊರ ಮಿತಿಯೊಳಗೆ ಗುಂಡು ಹಾರಿಸುವಂತಿಲ್ಲ. ಸುದ್ದಿ ಕೇಳಿದ ಬೇಟೆಗಾರರು ತಮ್ಮ ತಮ್ಮ ಅಟ್ಟಣೆ ಇಳಿದು ಊರಿಗೆ ಬಂದರು. ಬಂದವರು ಬೀದಿಯ ಚಳಿಯಲ್ಲಿ ಎಷ್ಟು ಹೊತ್ತು ನಿಂತಾರು? ಒಬ್ಬೊಬ್ಬರಾಗಿ ಒಳಗೆ ನುಸುಳಿದರು. ಬೇಟೆಯ ಭಾನುವಾರ ಮುದುಕಿಯರ ಹೊರತು ಯಾರೂ ಬರದ ಚರ್ಚಿನಲ್ಲಿ ಅಂದು ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿನವರೆಗೆ ಕಿತ್ತಳೆ ಬಣ್ಣ. ಇದು ವೆಂಡಲ್‌ನ ದಾನದ ಮಹಿಮೆಯೆಂದು ತಿಳಿದ ಪಾಸ್ಟರ್ ಗ್ರೇಟಾ ಸಂತೋಷ ತಾಳಲಾರದೆ ಉಪದೇಶವನ್ನು ಎರಡು ಪಾಲು ಉದ್ದ ಮಾಡಿದರು. ಕೇಳುವವರೆಲ್ಲರ ಕಣ್ಣು ಕಿಟಕಿಯ ಮೇಲೆ.

ಎರಡನೆಯ ಹಾಡಿನ ಹೊತ್ತಿಗೆ ನೆಲದಡಿಯಿಂದ ದಡಬಡ ಸದ್ದು ಬಂತು. ಕೆಳಗೆ ಕಾಫಿ ಕಾಯಿಸಲು ಹೋಗಿದ್ದ ಆರ್ಡಿಸ್ ಮೆಟ್ಟಿಲು ಹತ್ತಿ ಬಂದು ಗಂಡನ ಕಿವಿಯಲ್ಲಿ, "ನಿನ್ನ ಕಡೆಯವರು ಬಂದಿದ್ದಾರೆ," ಎಂದಳು.

ವೆಂಡಲ್ ಇಳಿದು ಹೋದ. ಹಿಂಬಾಗಿಲು ತೆರೆದೇ ಇತ್ತು. ಆ ಗಂಡು ಜಿಂಕೆ ಅಡುಗೆಕಟ್ಟೆಯ ಮುಂದೆ ನಿಂತು, ಮಕ್ಕಳು ಕತ್ತರಿಸಿ ಮಾಡಿದ ಬಣ್ಣದ ಕಾಗದದ ಮಾಲೆಯನ್ನು ಕೊಂಬಿಗೆ ಸಿಕ್ಕಿಸಿಕೊಂಡು ಟರ್ನಿಪ್ ತಿನ್ನುತ್ತಿತ್ತು. ಜೀವಮಾನದಲ್ಲಿ ವೆಂಡಲ್ ಇಷ್ಟು ಹತ್ತಿರದಿಂದ ಜಿಂಕೆ ನೋಡಿರಲಿಲ್ಲ. ಅವನಿಗೆ ಕೆಮ್ಮು ಬಂತು. ಜಿಂಕೆ ತಲೆಯೆತ್ತಿ ಒಮ್ಮೆ ನೋಡಿ, ಇವನೇನಾ ಎಂಬಂತೆ ಮತ್ತೆ ತಿನ್ನತೊಡಗಿತು.

ಮೆಟ್ಟಿಲ ಮೇಲಿಂದ ಪಾಸ್ಟರ್ ಗ್ರೇಟಾ ಪಿಸುಗುಟ್ಟಿದರು: "ವೆಂಡಲ್, ಮೇಲೆ ಮಕ್ಕಳಿದ್ದಾರೆ. ಕೊಂಬು ಚೂಪಾಗಿದೆ. ಹೇಗಾದ್ರೂ ಊರಾಚೆ ಬಿಟ್ಟು ಬನ್ನಿ."

ವೆಂಡಲ್ ಎಲೆಯಿದ್ದ ಉದ್ದನೆಯ ಮೂಲಂಗಿಯೊಂದನ್ನು ಎತ್ತಿಕೊಂಡು ಹಿಂದೆ ಹಿಂದೆ ಹೆಜ್ಜೆಯಿಟ್ಟ. ಜಿಂಕೆ ಹಿಂಬಾಲಿಸಿತು. ಬಾಗಿಲು ದಾಟಿ, ಹಿತ್ತಲು ದಾಟಿ, ಇಬ್ಬರೂ ಮುಖ್ಯ ಬೀದಿಗೆ ಬಂದರು. ಬೀದಿಯ ಎರಡೂ ಬದಿಗೆ, ಚರ್ಚಿನಿಂದ ಹೊರಬಂದ ಜಿಲ್ಲೆಯ ಹೆಸರಾಂತ ಗುರಿಕಾರರು ಬರಿಗೈಯಲ್ಲಿ ಸಾಲಾಗಿ ನಿಂತರು. ಅವರ ನಡುವೆ ವೆಂಡಲ್ ಹೌಗೆನ್, ಕೈಯಲ್ಲಿ ಮೂಲಂಗಿ, ಹಿಂದೆ ಕಾಗದದ ಮಾಲೆ ತೊಟ್ಟ ಜಿಂಕೆ. ಮದುವೆ ಮೆರವಣಿಗೆಯಲ್ಲೂ ಅವನನ್ನು ಯಾರೂ ಅಷ್ಟು ಗಮನವಿಟ್ಟು ನೋಡಿರಲಿಲ್ಲ.

ಊರ ಗಡಿಯ ಫಲಕದಾಚೆ, ಅಂಗುಲ ಮಾತ್ರ ಆಚೆ, ಬರ್ನೀಸ್ ಬಂದೂಕು ಹಿಡಿದು ನಿಂತಿದ್ದಳು. ಅಕ್ಕಪಕ್ಕ ಟಾಡ್, ಟ್ರಾಯ್.

"ಬಾ ವೆಂಡಲ್," ಎಂದಳು ಮೆಲ್ಲಗೆ. "ಇನ್ನೊಂದೆರಡು ಹೆಜ್ಜೆ. ಆಮೇಲೆ ಪಕ್ಕಕ್ಕೆ ಸರಿ."

"ಒಂದು ನಿಮಿಷ," ಎಂದು ಗುಂಪಿನಿಂದ ವಾರ್ಡನ್ ಲೀಲ್ಯಾಂಡ್ ಮುಂದೆ ಬಂದ. "ಕೈಲಿ ಮೂಲಂಗಿ ಹಿಡಿದು ಕರ್ಕೊಂಡು ಬಂದ್ರೆ ಅದು ಆಮಿಷ. ಗುಂಡು ಹಾರಿಸಿದ್ರೆ ಕೇಸು."

"ಬಿಸಾಕು ಅದನ್ನ," ಎಂದಳು ಬರ್ನೀಸ್.

"ಬಿಸಾಕಿದ್ರೆ ನೆಲದ ಮೇಲೆ ಬೀಳುತ್ತೆ. ಅದೂ ಆಮಿಷ."

"ಜೇಬಲ್ಲಿ ಇಟ್ಕೊಂಡ್ರೆ?"

"ಬಚ್ಚಿಟ್ಟ ಆಮಿಷ. ಅದಕ್ಕೆ ಶಿಕ್ಷೆ ಜಾಸ್ತಿ."

ಬರ್ನೀಸ್ ತಮ್ಮನ ಕಣ್ಣಲ್ಲಿ ಕಣ್ಣಿಟ್ಟಳು. "ತಿನ್ನು," ಎಂದಳು.

"ಅಕ್ಕ, ಇದು ಮೊಣಕೈಯುದ್ದ ಇದೆ."

"ತಿನ್ನು ಅಂದೆ."

ಕಾನೂನಿನ ಪ್ರಕಾರ ಅದಕ್ಕೆ ವಾರ್ಡನ್‌ನ ಅಡ್ಡಿಯಿರಲಿಲ್ಲ. ವೆಂಡಲ್ ತಿನ್ನತೊಡಗಿದ. ಊರಿಗೆ ಊರೇ ಉಸಿರು ಬಿಗಿಹಿಡಿದು ಅವನು ಅಗಿಯುವ ಕರುಂಕುರುಂ ಸದ್ದು ಕೇಳಿತು. ಅರ್ಧಕ್ಕೆ ಕಣ್ಣಲ್ಲಿ ನೀರು, ಮುಕ್ಕಾಲಿಗೆ ಮೂಗಲ್ಲಿ ನೀರು. ಜಿಂಕೆ ಕತ್ತು ಓರೆಮಾಡಿ, ತನಗೆಂದು ತೋರಿಸಿದ ಮೂಲಂಗಿ ತುಂಡುತುಂಡಾಗಿ ಇನ್ನೊಬ್ಬನ ಬಾಯಿಗೆ ಹೋಗುವುದನ್ನು ನೋಡುತ್ತಿತ್ತು. ಕೊನೆಯ ಎಲೆಯೂ ವೆಂಡಲ್‌ನ ತುಟಿಯೊಳಗೆ ಮಾಯವಾದಾಗ ಅದು ಮೂಗಿನಿಂದ ಒಂದು ಸಲ ಜೋರಾಗಿ ಊದಿ, ಬೆನ್ನು ತಿರುಗಿಸಿ, ಬಂದ ದಾರಿಯಲ್ಲೇ ಚರ್ಚಿನ ಕಡೆಗೆ ನಡೆದುಹೋಯಿತು. ಅಲ್ಲಿ ಇನ್ನೂ ಬೇಕಾದಷ್ಟಿತ್ತು.

ಬರ್ನೀಸ್ ತೋಟಾ ತೆಗೆದು ಜೇಬಿಗೆ ಹಾಕಿಕೊಂಡಳು.

"ಗಂಡು ಬಂತು," ಎಂದಳು ಕೊನೆಗೆ. "ನಿನ್ನ ಮೂಲಂಗಿಗೇ ಬಂತು. ಕಣ್ಣಾರೆ ನೋಡಿದೆ. ಮಾತು ಅಂದ್ರೆ ಮಾತು."

ಅಂದು ಮಧ್ಯಾಹ್ನ ಬರ್ನೀಸ್ ಬೇಟೆಮನೆಯಲ್ಲಿ ಈರುಳ್ಳಿ ಹೆಚ್ಚಲು ಕೂತಳು. ಟಾಡ್ ಟ್ರಾಯರು ಅಡುಗೆ ಏನೆಂದು ಕೇಳುವ ಧೈರ್ಯ ಮಾಡದೆ ಹೊರಗೇ ಸೌದೆ ಒಡೆಯುತ್ತಿದ್ದರು. ವೆಂಡಲ್ ಅಪ್ಪನ ಅಟ್ಟಣೆ ಹತ್ತಿ, ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ರಾಜನ ಹಾಗೆ ಕೂತ. ನಾಲ್ಕೂ ದಿಕ್ಕಿಗೆ ಕಾಡು ಚೆನ್ನಾಗಿ ಕಾಣುತ್ತಿತ್ತು. ಜಿಂಕೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಕಾಣುತ್ತಿತ್ತು. ಹೊಟ್ಟೆಯೊಳಗಿನ ಮೂಲಂಗಿ ಆಗಾಗ ಮೇಲೆದ್ದು ಬಂದು ಇಡೀ ನಲವತ್ತು ಎಕರೆಗೆ ಕೇಳುವಂತೆ ತೇಗು ಹೊರಡಿಸುತ್ತಿತ್ತು. ಆದರೂ ಅವನಿಗೆ ಆ ಹೊತ್ತು ಪರಮ ಸುಖವಾಗಿತ್ತು.

ತೇಗಿನ ಜಾಡು ಹಿಡಿದು ಕ್ಲೆಮ್ ಡೂಬೆಕ್ ಬೇಲಿಯ ಬಳಿ ಬಂದ.

"ವೆಂಡಲ್, ಇಲ್ಲಿದ್ದೀಯಾ? ನೋಡು, ಇವತ್ತು ಚರ್ಚಲ್ಲಿ ಕೂತಾಗ ನನ್ನ ಮನಸ್ಸು ಕರಗಿಹೋಯ್ತು. ಬರೋ ವರ್ಷಕ್ಕೆ ನನ್ನ ಬೇಲಿ ಪಕ್ಕದ ಐದು ಎಕರೆನೂ ಬಡವರಿಗೇ ಅಂತ ಕೊಟ್ಟುಬಿಟ್ಟೆ. ಪಾಸ್ಟರಮ್ಮ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಯಾರು ಬೆಳೆಸ್ತಾರೆ ಅಂತ ಕೇಳಿದ್ರು. ನಮ್ಮ ವೆಂಡಲ್ ಇದ್ದಾನಲ್ಲ, ಅವನಿಗೆ ಹೇಳಿದ್ರೆ ಇಲ್ಲ ಅನ್ನಲ್ಲ ಅಂದೆ. ಏನಂತೀಯ?"

ಬಾಯಿ ತೆರೆದರೆ ಏನೇನಾಗುತ್ತದೆಂಬುದು ವೆಂಡಲ್‌ಗೆ ಈಗ ಚೆನ್ನಾಗಿ ಗೊತ್ತಾಗಿತ್ತು. ಅವನು ತುಟಿ ಬಿಗಿದು, ಉಸಿರು ಹಿಡಿದು, ಮರದ ಭಾಗವೇ ಆದಂತೆ ಅಲ್ಲಾಡದೆ ಕೂತ.

"ನನಗೆ ಗೊತ್ತಿತ್ತು," ಎಂದ ಕ್ಲೆಮ್. "ಸರಿ, ಪಾಸ್ಟರಮ್ಮನಿಗೆ ನೀನು ಒಪ್ಪಿದೆ ಅಂತ ಹೇಳ್ತೀನಿ," ಎಂದು ಹೊರಟೇಬಿಟ್ಟ.